ಎಡಗಡೆಯ ಹಿಂದಿನ ಚಕ್ರ

ನಮ್ಮ ಯಜಮಾನರ ಕಿವಿ ಭದ್ರಾವತಿಯಲ್ಲಿ ಹೆಸರುವಾಸಿ. ಹಾಗಂತ ಅವರು ಹೇಳುತ್ತಿದ್ದರು, ಉಳಿದವರು ತಲೆಯಾಡಿಸುತ್ತಿದ್ದರು. ತರೀಕೆರೆ ರಸ್ತೆಯ ಕಡೆ, ಈಗ ಬೀಗ ಬಿದ್ದಿರುವ ಒಂದು ಫೋರ್ಜಿಂಗ್ ಷೆಡ್ಡಿನಲ್ಲಿ ಅವರು ಇಪ್ಪತ್ತಾರು ವರ್ಷ ಫಿಟ್ಟರ್ ಆಗಿದ್ದರು. ಕೆಂಪಗೆ ಕಾದ ಕಬ್ಬಿಣದ ಮೇಲೆ ಯಂತ್ರದ ಸುತ್ತಿಗೆ ಹಗಲೂ ರಾತ್ರಿ ಬಡಿಯುವ ಜಾಗ ಅದು. ಅಲ್ಲಿ ಏನೇ ಕೆಟ್ಟರೂ ಇವರು ಒಂದು ಸಲಾಕೆಯ ತುದಿಯನ್ನು ಯಂತ್ರಕ್ಕೂ ಇನ್ನೊಂದು ತುದಿಯನ್ನು ಕಿವಿಯ ಹತ್ತಿರವೂ ಒತ್ತಿ ಹಿಡಿದು, ಕಣ್ಣು ಮುಚ್ಚಿ, ‘ಬಲಗಡೆ ಬೇರಿಂಗು’ ಎಂದುಬಿಡುತ್ತಿದ್ದರಂತೆ. ಬಿಚ್ಚಿ ನೋಡಿದರೆ ಬಲಗಡೆಯ ಬೇರಿಂಗೇ ಹೋಗಿರುತ್ತಿತ್ತಂತೆ.

ಮನೆಗೆ ಬಂದರೆ ಆ ಕಿವಿಗೆ ರಜೆ. ಅಡುಗೆಮನೆಯಿಂದ ಮೂರು ಸಲ ಕರೆದರೂ ಓಗೊಡುತ್ತಿರಲಿಲ್ಲ. ನಾಲ್ಕನೆಯ ಸಲ ನಾನೇ ಎದುರಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರೆ, ‘ಏನೇ, ಕರೆದ್ಯಾ?’ ಎನ್ನುವರು. ಮೊದಮೊದಲು ಕಣ್ಣೀರಿಟ್ಟೆ, ಆಮೇಲೆ ಜಗಳವಾಡಿದೆ, ಆಮೇಲೆ ಕರೆಯುವುದನ್ನೇ ಬಿಟ್ಟೆ. ಹೆಂಡತಿಯ ದನಿ ಬೇಡವಾದ ಗಂಡಸಿನ ಮುಂದೆ ಗಂಟಲು ಹರಿದುಕೊಳ್ಳುವುದು ಯಾವ ಕರ್ಮ? ಮಕ್ಕಳಿಲ್ಲದ ಮನೆ, ಮಾತೂ ಇಲ್ಲದ ಮನೆಯಾಯಿತು.

ಎರಡು ಸಾವಿರದ ಒಂದರಲ್ಲಿ ಷೆಡ್ಡು ಮುಚ್ಚಿತು. ಕೈಗೆ ಬಂದ ದುಡ್ಡಿನಲ್ಲಿ ಉಳಿದವರು ಸೈಟು ಕೊಂಡರು, ಅಂಗಡಿ ಇಟ್ಟರು. ಇವರು ಒಂದು ಹಳೆಯ ಮೆಟಾಡೋರ್ ವ್ಯಾನು ತಂದು ಬಾಗಿಲ ಮುಂದೆ ನಿಲ್ಲಿಸಿದರು. ಹಿಂದಿನ ಸೀಟುಗಳನ್ನು ಕಿತ್ತು ಎರಡು ಮಂಚ ಹಾಕಿದರು. ಮಂಚದ ಕೆಳಗೆ ಪಾತ್ರೆಯ ಪೆಟ್ಟಿಗೆ, ಮೂಲೆಯಲ್ಲಿ ಗ್ಯಾಸ್ ಒಲೆ, ಮಾಡಿನ ಮೇಲೆ ನೀರಿನ ಡ್ರಮ್ಮು, ಕಿಟಕಿಗೆ ನನ್ನ ಹಳೆಯ ಸೀರೆಯ ಪರದೆ, ದೇವರಿಗೊಂದು ಗೂಡು. ಕೇರಿಯವರು ಅದನ್ನು ಮನೆಗಾಡಿ ಎಂದು ಕರೆದರು. ‘ಎಲ್ಲಿ ಬೇಕೋ ಅಲ್ಲಿ ನಿಲ್ಸೋದು, ಎಲ್ಲಿ ಬೇಕೋ ಅಲ್ಲಿ ಅಡಿಗೆ ಮಾಡ್ಕೊಂಡು ತಿನ್ನೋದು’ ಎಂದು ಇವರು ಹಿಗ್ಗಿದರು. ಮಾಡುವವಳು ಯಾರು, ತಿನ್ನುವವರು ಯಾರು ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೂ ನಾನು ಒಪ್ಪಿದೆ, ಏಕೆಂದರೆ ನನ್ನದೂ ಒಂದು ಹರಕೆ ಬಾಕಿಯಿತ್ತು.

ನಮ್ಮ ಮದುವೆಯಾದ ಮೂರನೆಯ ವರ್ಷ, ಸುತ್ತಿಗೆಯ ಏಟಿಗೆ ಸಿಡಿದ ಕಬ್ಬಿಣದ ಚೂರೊಂದು ಇವರ ಪಕ್ಕದಲ್ಲೇ ನಿಂತಿದ್ದವನ ಕಣ್ಣು ತೆಗೆಯಿತು. ಅಂದು ಸಂಜೆ ದೇವರ ಮುಂದೆ ಕೂತು ಬೇಡಿಕೊಂಡೆ. ಇವರ ಮೈಗೆ ಏನೂ ಆಗದ ಹಾಗೆ ಕಾಪಾಡು, ಕೆಲಸ ಬಿಟ್ಟು ಬಂದ ವರ್ಷ ಕಾರ್ತೀಕದಲ್ಲಿ ಉಡುಪಿಗೆ ಬಂದು ಲಕ್ಷ ಬತ್ತಿ ಉರಿಸುತ್ತೇನೆ ಎಂದು. ಜನ ಅದನ್ನು ಮಗುವಿಗಾಗಿ ಕಟ್ಟಿಕೊಂಡ ಹರಕೆ ಎಂದುಕೊಂಡರು. ನಾನೂ ತಿದ್ದಲಿಲ್ಲ.

ಒಂದು ಲಕ್ಷ ಬತ್ತಿಯನ್ನು ಕೈಯಲ್ಲೇ ಹೊಸೆಯಬೇಕು. ದಿನಾ ಊಟವಾದ ಮೇಲೆ ಹತ್ತೋ ಹದಿನೈದೋ ಹೊಸೆದು, ನೂರಾದಾಗ ಕಟ್ಟು ಕಟ್ಟಿ, ತವರಿನಿಂದ ಬಂದ ತಗಡಿನ ಟ್ರಂಕಿಗೆ ಹಾಕುತ್ತಿದ್ದೆ. ಹತ್ತಿಗೆ ನಾನು ಪರದಾಡಬೇಕಾಗಲಿಲ್ಲ. ಷೆಡ್ಡಿನಲ್ಲಿ ತಿಂಗಳಿಗೊಂದು ಹತ್ತಿಯ ಸಣ್ಣ ಸುರುಳಿಯನ್ನು ನೀಲಿ ಕಾಗದ ಸುತ್ತಿ ಕೊಡುತ್ತಿದ್ದರು. ‘ಗಾಯಗೀಯ ಆದ್ರೆ ಇರ್ಲಿ ಅಂತ ಕೊಡ್ತಾರೆ. ನಂಗೆಲ್ಲಿ ಗಾಯ ಆಗ್ತಿದೆ?’ ಎಂದು ಇವರು ತಂದುಕೊಟ್ಟರು. ಹರಕೆ ಹೊತ್ತ ಮೇಲೆ ಇವರಿಗೆ ಗಾಯವೂ ಆಗಲಿಲ್ಲ, ಗಾಯದ ಹತ್ತಿ ನನ್ನ ದೀಪಕ್ಕೆ ಬಂತು, ದೇವರ ಲೆಕ್ಕಾಚಾರವೇ ಚೆಂದ ಎಂದು ನಾನು ಬೀಗಿದೆ. ಆಸ್ಪತ್ರೆಯ ಹತ್ತಿ ಮಡಿಗೆ ಬರುತ್ತದೆಯೇ ಎಂದು ಅತ್ತೆಯವರು ರಾಗ ಎಳೆದಾಗ ಅವರ ಬಾಯಿ ಮುಚ್ಚಿಸಿದವಳೂ ನಾನೇ. ಒಮ್ಮೆ ಇವರು ಅರ್ಧ ಸುರುಳಿ ಮಾತ್ರ ತಂದರು. ಉಳಿದರ್ಧ ಯಾವ ದೇವರಿಗೆ ಕೊಟ್ಟಿರಿ ಎಂದು ಎರಡು ದಿನ ಮುಖ ಊದಿಸಿಕೊಂಡಿದ್ದೆ. ಆಮೇಲೆ ಯಾವ ತಿಂಗಳೂ ಕಡಿಮೆ ತರಲಿಲ್ಲ.

ಕಾರ್ತೀಕದ ಒಂದು ಬೆಳಿಗ್ಗೆ ಟ್ರಂಕನ್ನು ಮನೆಗಾಡಿಯ ಹಿಂದಿನ ಮಂಚದ ಕೆಳಗೆ ತಳ್ಳಿ ಹೊರಟೆವು. ಶಿವಮೊಗ್ಗ, ತೀರ್ಥಹಳ್ಳಿ ದಾಟಿ, ಆಗುಂಬೆ ಘಾಟಿ ಇಳಿದು ಉಡುಪಿ. ಮೆಟಾಡೋರಿನ ಇಂಜಿನ್ನು ಮುಂದಿನ ಎರಡು ಸೀಟುಗಳ ನಡುವೆಯೇ ಕೂತಿರುತ್ತದೆ. ಅದರ ಶಾಖ ನನಗೆ ಆಗದು, ಹಾಗಾಗಿ ಹಿಂದಿನ ಮಂಚದ ಮೇಲೆ ಕೂತೆ. ಭದ್ರಾ ಸೇತುವೆಯ ಹತ್ತಿರ ಇವರು ಮೆಲ್ಲಗೆ ಬ್ರೇಕು ಒತ್ತಿದರು. ಎಡಗಡೆಯಿಂದ, ನನ್ನ ಕಾಲ ಕೆಳಗಿನಿಂದ, ‘ಕೀಂಯ್’ ಎಂದು ಸದ್ದು ಬಂತು. ಸ್ಲೇಟಿನ ಮೇಲೆ ಉಗುರಿನಿಂದ ಗೀರಿದ ಹಾಗೆ ಹಲ್ಲು ಜುಮ್ಮೆಂದಿತು.

‘ರೀ, ಬ್ರೇಕು ಕಿರುಚ್ತಿದೆ’ ಎಂದೆ. ಇವರು ಓಡಿಸುತ್ತಲೇ ಇದ್ದರು. ಎದ್ದು ಹೋಗಿ ಭುಜ ತಟ್ಟಿ ಮತ್ತೆ ಹೇಳಿದೆ.

‘ಬ್ರೇಕಲ್ಲ ಮಾರಾಯ್ತಿ, ನಿನ್ನ ಪಾತ್ರೆ’ ಎಂದರು. ‘ಬ್ರೇಕಿನ ಸದ್ದು ನಂಗೊತ್ತಿಲ್ವಾ?’

ಸರಿ, ಪಾತ್ರೆಯೇ ಇರಲಿ. ಮಾಚೇನಹಳ್ಳಿ ಬರುವುದರೊಳಗೆ ಪೆಟ್ಟಿಗೆಯ ಒಂದೊಂದೇ ಪಾತ್ರೆಯನ್ನು ಹೊರತೆಗೆದು ಹಾಸಿಗೆಯ ಮೇಲೆ ಹರಡಿದೆ. ಲೋಟಗಳ ನಡುವೆ ಬಟ್ಟೆ ತುರುಕಿದೆ. ಸೌಟುಗಳನ್ನು ಸೆರಗಿನಲ್ಲಿ ಕಟ್ಟಿ ಮಡಿಲಲ್ಲಿ ಇಟ್ಟುಕೊಂಡೆ. ಗ್ಯಾಸ್ ಒಲೆಯನ್ನು ಕಾಲಿನಿಂದ ಒತ್ತಿ ಹಿಡಿದೆ. ಬ್ರೇಕು ಒತ್ತಿದಾಗಲೆಲ್ಲ ಸದ್ದು ಅಲ್ಲಿಂದಲೇ ಬರುತ್ತಿತ್ತು. ಜೋರಾಗಿ ಒತ್ತಿದರೆ ಇಲ್ಲ, ಮೆಲ್ಲಗೆ ಒತ್ತಿದರೆ ಇದೆ. ಚಪ್ಪಲಿ ಬಿಟ್ಟು ಬರಿಗಾಲನ್ನು ತಗಡಿನ ಮೇಲಿಟ್ಟರೆ ಅಂಗಾಲಿಗೂ ಗೊತ್ತಾಗುತ್ತಿತ್ತು. ಫಿಟ್ಟರ್ ಕೆಲಸ ಏನು ಮಹಾ ಬ್ರಹ್ಮವಿದ್ಯೆಯಲ್ಲ ಎಂದು ಆ ದಿನ ನನಗೆ ಅನ್ನಿಸಿತು.

ತುಪ್ಪ ಕೊಳ್ಳಲೆಂದು ಗಾಂಧಿ ಬಜಾರಿಗೆ ತಿರುಗಿದೆವು. ಆ ಜನಜಂಗುಳಿಯಲ್ಲಿ ಅಡಿಗಡಿಗೂ ಬ್ರೇಕು. ಹೂ ಕಟ್ಟುತ್ತಿದ್ದವಳು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. ಬಟ್ಟೆ ಅಂಗಡಿಯ ಗುಮಾಸ್ತ ಹೊರಗೆ ಬಂದು ನೋಡಿದ. ಒಬ್ಬ ಹಮಾಲಿ, ‘ಅಜ್ಜಾ, ಗಾಡೀಗೆ ಎಣ್ಣೆ ಕುಡ್ಸು’ ಎಂದು ನಕ್ಕ. ಬೀದಿಗೆ ಬೀದಿಯೇ ತಿರುಗಿ ನೋಡುತ್ತಿದ್ದರೆ ಇವರೊಬ್ಬರು ಮೆರವಣಿಗೆಯಲ್ಲಿ ಹೋಗುವವರ ಹಾಗೆ ಮುಖ ಎತ್ತಿಕೊಂಡು ಕೂತಿದ್ದರು. ಎಂಥ ಹಟಮಾರಿ ಮನುಷ್ಯ ಎಂದು ನನ್ನ ಮೈಯೆಲ್ಲ ಉರಿಯಿತು. ತಪ್ಪು ಎಂದು ಗೊತ್ತಿದ್ದರೂ ಹೆಂಡತಿಯ ಮಾತಿಗೆ ಒಪ್ಪಬಾರದು, ಅಷ್ಟೇ ಇವರ ಛಲ ಎಂದುಕೊಂಡೆ.

‘ಈ ಬ್ರೇಕಲ್ಲಿ ನಾನು ಘಾಟಿ ಇಳಿಯೋದಿಲ್ಲ’ ಎಂದು ಎದುರಿಗೆ ನಿಂತು ಖಡಾಖಂಡಿತವಾಗಿ ಹೇಳಿದೆ.

ಅದಕ್ಕಾಗಿ ಸಾಗರ ರಸ್ತೆಯಲ್ಲಿ ಗ್ಯಾರೇಜು ಇಟ್ಟಿದ್ದ ಶೇಷಪ್ಪನ ಹತ್ತಿರ ಹೋದೆವು. ಶೇಷಪ್ಪ ಷೆಡ್ಡಿನಲ್ಲಿ ಇವರ ಕೈಕೆಳಗೆ ಹತ್ತು ವರ್ಷ ಕೆಲಸ ಕಲಿತವನು. ಇವರನ್ನು ಕಂಡವನೇ ಕೈ ಒರೆಸಿಕೊಂಡು ಓಡಿಬಂದ.

‘ಏನು ರಾಯರೇ, ಗಾಡಿಗೇನಾಯ್ತು?’

ಅವನು ಕೇಳಿದ್ದು ರಾಯರನ್ನು. ನಾನು ಹಿಂದಿನ ಬಾಗಿಲಲ್ಲೇ, ಸೌಟುಗಳನ್ನು ಕಟ್ಟಿಕೊಂಡು ನಿಂತಿದ್ದೆ. ‘ಹಿಂದಗಡೆ ಎಡಕ್ಕೆ ಸದ್ದು’ ಎಂದು ನಾನು ಶುರು ಮಾಡುವುದರೊಳಗೆ ಇವರು, ‘ಸದ್ದೇನಿಲ್ಲ, ಇವಳಿಗೆ ಅನುಮಾನ. ಒಂದ್ಸಲ ಜಾಕ್ ಹಾಕು, ನೋಡೇಬಿಡೋಣ’ ಎಂದರು. ಸಲಾಕೆ ಬಂತು. ಒಂದೊಂದು ಚಕ್ರವನ್ನೂ ಎತ್ತಿ ತಿರುಗಿಸಿ, ಸಲಾಕೆಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ, ಕಣ್ಣು ಮುಚ್ಚಿ ಕೇಳಿದರು. ಗ್ಯಾರೇಜಿನವರು ಕೆಲಸ ಬಿಟ್ಟು ಸುತ್ತ ನಿಂತರು.

‘ಮುಂದಿನ ಬಲಗಡೆ ಬೇರಿಂಗು ಸ್ವಲ್ಪ ಒಣಗಿದೆ’ ಎಂದು ತೀರ್ಪು ಕೊಟ್ಟರು.

ಶೇಷಪ್ಪ ಬಿಚ್ಚಿದ. ನಿಜಕ್ಕೂ ಗ್ರೀಸು ಒಣಗಿತ್ತು. ‘ರಾಯರ ಕಿವಿ ಅಂದ್ರೆ ಕಿವಿ’ ಎಂದು ಗ್ರೀಸು ತುಂಬಿ ಮುಚ್ಚಿದ. ಹಿಂದಿನ ಎಡಗಡೆಯನ್ನು ಯಾರೂ ಬಿಚ್ಚಲಿಲ್ಲ. ಇವರು ಗೆದ್ದ ಮುಖ ಮಾಡಿಕೊಂಡು ನನ್ನನ್ನು ನೋಡಿದರು. ಅಂದು ಅಲ್ಲೇ ಗ್ಯಾರೇಜಿನ ಪಕ್ಕದಲ್ಲಿ ಗಾಡಿ ನಿಲ್ಲಿಸಿ, ನಾನು ಅನ್ನ ಮಾಡಿ, ಬಡಿಸಿ, ಮುಖ ತಿರುಗಿಸಿ ಮಲಗಿದೆ.

ಮರುದಿನ ಬೆಳಿಗ್ಗೆ ತೀರ್ಥಹಳ್ಳಿ ರಸ್ತೆ ಹಿಡಿದೆವು. ಗಾಜನೂರು ತಲುಪುವ ಹೊತ್ತಿಗೆ ‘ಕೀಂಯ್’ ಜೊತೆಗೆ ‘ಕರಕರ’ ಎಂದು ಬೀಸುಕಲ್ಲಿನಲ್ಲಿ ಮರಳು ಅರೆಯುವ ಸದ್ದೂ ಬಂತು. ಮಂಚ ನಡುಗಿತು. ನಾನು ಮುಂದೆ ಹೋಗಿ ಇವರ ತೋಳು ಹಿಡಿದೆ.

‘ನಿಲ್ಸಿ.’

‘ಏನಾಯ್ತೇ?’

‘ನಿಲ್ಸಿ ಅಂದ್ರೆ ನಿಲ್ಸಿ.’

ಗಾಡಿ ನಿಂತಿತು. ನಾನು ಹಿಂದಿನ ಬಾಗಿಲು ತೆಗೆದು ಟ್ರಂಕನ್ನು ಎಳೆದುಕೊಂಡು ರಸ್ತೆಗೆ ಇಳಿದೆ. ಕಾಲೇಜಿಗೆ ಬಸ್ಸು ಕಾಯುತ್ತಿದ್ದ ಹುಡುಗಿಯರು ನೋಡಿದರು, ನೋಡಲಿ ಎಂದುಕೊಂಡೆ. ಶಿವಮೊಗ್ಗದ ಕಡೆ ಮುಖ ಮಾಡಿ ನಡೆಯತೊಡಗಿದೆ. ಇವರು ಗಾಡಿ ತಿರುಗಿಸಿಕೊಂಡು ಬಂದು ಪಕ್ಕದಲ್ಲೇ ಮೆಲ್ಲಗೆ ಓಡಿಸುತ್ತಾ ಕಿಟಕಿಯಿಂದ ಬೇಡಿಕೊಂಡರು.

‘ಹುಚ್ಚು ಹಿಡೀತಾ ನಿಂಗೆ? ಹತ್ತು ಮಾರಾಯ್ತಿ, ಜನ ನೋಡ್ತಿದಾರೆ.’

‘ನಿಮ್ಮ ಕಿವಿಗೆ ನಾನು ಸಾಯಬೇಕಾ?’ ಎಂದು ನಿಂತು ಕೇಳಿದೆ. ‘ಇಪ್ಪತ್ತಾರು ವರ್ಷ ಕಬ್ಬಿಣ ಹೇಳಿದ್ದೆಲ್ಲ ಕೇಳಿಸ್ತು ನಿಮಗೆ. ನಾನು ಹೇಳಿದ್ದು ಒಂದು ದಿನವಾದ್ರೂ ಕೇಳಿಸ್ತಾ? ಬೇಡ. ಶೇಷಪ್ಪ ಹಿಂದೆ ಕೂತು ನೋಡ್ಲಿ. ಅವನು ಸದ್ದಿಲ್ಲ ಅಂದ್ರೆ ಜನ್ಮದಲ್ಲಿ ನಿಮ್ಮ ಮುಂದೆ ಬಾಯಿ ತೆಗೆಯೋದಿಲ್ಲ.’

ಇವರು ನನ್ನ ಬಾಯನ್ನೇ ನೋಡುತ್ತಿದ್ದರು. ಆಮೇಲೆ ಇಳಿದು ಬಂದು ಟ್ರಂಕನ್ನು ತಾವೇ ಎತ್ತಿ ಒಳಗಿಟ್ಟರು. ಹಿಂದಕ್ಕೆ ಬರುವಷ್ಟು ದೂರವೂ ಬ್ರೇಕು ಮುಟ್ಟದೆ ಗೇರಿನಲ್ಲೇ ಗಾಡಿ ತಂದರು.

ಶೇಷಪ್ಪನಿಗೆ ನನ್ನ ಜೊತೆ ಹಿಂದೆ ಕೂರಲು ಸಂಕೋಚ. ಆದರೂ ಕೂತ. ಇವರು ಗ್ಯಾರೇಜಿನ ಮುಂದಿನ ರಸ್ತೆಯಲ್ಲಿ ಒಂದು ಸುತ್ತು ಓಡಿಸಿದರು. ಮೊದಲ ಸಲ ಬ್ರೇಕು ಒತ್ತಿದಾಗಲೇ ಶೇಷಪ್ಪ ಮುಖ ಸಿಂಡರಿಸಿ ಕಿವಿಗೆ ಕೈಹಚ್ಚಿದ. ಎರಡನೆಯ ಸಲ ಅವನು ಚಕ್ರದ ಕಡೆ ನೋಡಲಿಲ್ಲ, ಮುಂದೆ ಕೂತಿದ್ದ ಇವರ ತಲೆಯ ಹಿಂಭಾಗವನ್ನು ನೋಡಿದ. ಗಾಡಿ ನಿಂತು ಇಂಜಿನ್ನು ಆರಿದ ಮೇಲೆ, ಇದ್ದಲ್ಲಿಂದಲೇ, ಸಣ್ಣಗೆ ಕೂಗಿದ.

‘ರಾಯರೇ.’

ಇವರು ಕನ್ನಡಿಯಲ್ಲಿ ತಲೆಗೂದಲು ಸರಿಮಾಡಿಕೊಳ್ಳುತ್ತಿದ್ದರು.

‘ರಾಯರೇ’ ಎಂದ ಇನ್ನೊಂದು ಸಲ. ಆಮೇಲೆ ಇಳಿದು, ಮುಂದಿನ ಕಿಟಕಿಯ ಎದುರಿಗೆ ಹೋಗಿ ನಿಂತು, ‘ಹಿಂದಿನ ಎಡಗಡೆ ಬಿಚ್ತೀನಿ’ ಎಂದ. ಇವರು ಗಾಡಿಯಿಂದ ಇಳಿದರು.

ಚಕ್ರದ ಬ್ರೇಕ್ ಡ್ರಮ್ಮು ಬಿಚ್ಚಿದಾಗ ಒಳಗಿನಿಂದ ಕಪ್ಪು ಪುಡಿ ಸುರಿಯಿತು. ಡ್ರಮ್ಮನ್ನು ಒತ್ತಿ ಹಿಡಿಯಬೇಕಾದ ಲೈನರಿನ ಪಟ್ಟಿ ಸವೆದು ಇಲ್ಲವೇ ಇಲ್ಲ ಎನ್ನುವ ಹಾಗಾಗಿತ್ತು. ಅದನ್ನು ಕೂರಿಸಿದ ರಿವೆಟ್ಟುಗಳೇ ಮೇಲೆದ್ದು ಡ್ರಮ್ಮಿನ ಕಬ್ಬಿಣವನ್ನು ಕೊರೆದಿದ್ದವು. ಆ ಗೀರುಗಳಲ್ಲಿ ನನ್ನ ಕಿರುಬೆರಳು ಕೂರುತ್ತಿತ್ತು. ಇವರು ಬಗ್ಗಿ ನೋಡಿದರು, ಬೆರಳಿನಿಂದ ಮುಟ್ಟಿದರು, ಎದ್ದು ರಸ್ತೆಯಾಚೆಯ ಚಹಾದಂಗಡಿಯ ಬೆಂಚಿನ ಮೇಲೆ ಹೋಗಿ ಕೂತರು.

ನನಗೆ ಗೆದ್ದ ಸಂತೋಷ ಆಗಬೇಕಿತ್ತು, ಆಯಿತು ಕೂಡ. ಸುಳ್ಳೇಕೆ ಹೇಳಲಿ, ಎರಡು ನಿಮಿಷ ಚೆನ್ನಾಗಿಯೇ ಆಯಿತು.

‘ನೋಡಿದ್ಯಾ ಶೇಷಪ್ಪ, ಇಷ್ಟಾದ್ರೂ ಒಪ್ಪಲ್ಲ. ಅಹಂಕಾರ’ ಎಂದೆ.

‘ಅಹಂಕಾರ ಅಲ್ಲಮ್ಮ’ ಎಂದ ಶೇಷಪ್ಪ, ಲೈನರು ಕೀಳುತ್ತಾ, ತಲೆ ಎತ್ತದೆ. ‘ರಾಯರಿಗೆ ಆ ಸದ್ದು ಕೇಳಲ್ಲ. ಸಲಾಕೆ ಇಟ್ರೆ ದಪ್ಪ ಸದ್ದು ಮೂಳೆಗೆ ತಾಗಿ ಗೊತ್ತಾಗುತ್ತೆ. ಕೀಚಲು ಸದ್ದು ಗೊತ್ತಾಗಲ್ಲ, ಕರಕರ ಅನ್ನೋದು ಪಕ್ಕದ ಇಂಜಿನ್ನಲ್ಲಿ ಮುಳುಗೋಗುತ್ತೆ. ಹ್ಯಾಮರಿನ ಹತ್ರ ನಿಂತೋರಿಗೆಲ್ಲ ಮೊದ್ಲು ಹೋಗೋದೇ ಅದು. ಕೀಚಲು ಸದ್ದು, ಹಕ್ಕಿ ಕೂಗೋದು, ಹೆಂಗಸ್ರ ದನಿ. ನಿಮಗೆ ಗೊತ್ತಿರ್ಲಿಲ್ವಾ?’

ಗೊತ್ತಿರಲಿಲ್ಲ. ಇಪ್ಪತ್ತೈದು ವರ್ಷ ಒಂದೇ ಮಾಡಿನ ಕೆಳಗೆ ಇದ್ದವಳಿಗೆ ಗೊತ್ತಿರಲಿಲ್ಲ. ಏನಾದರೂ ಹೇಳಬೇಕಲ್ಲ ಎಂದು ಕೇಳಿದೆ. ‘ನೀನೂ ಅಲ್ಲೇ ಇದ್ಯಲ್ಲ. ನಿನ್ನ ಕಿವಿ ಚೆನ್ನಾಗೇ ಇದೆ.’

‘ನಾವು ಹತ್ತಿ ಇಟ್ಕೋತಿದ್ವಲ್ಲಮ್ಮ. ತಿಂಗಳಿಗೊಂದು ಸುರುಳಿ ಕೊಡ್ತಿದ್ರು ಕಿವಿಗೆ ಅಂತ್ಲೇ. ಉಂಡೆ ಮಾಡಿ ತುರುಕ್ಕೊಂಡೇ ಒಳಗೆ ಹೋಗ್ತಿದ್ದಿದ್ದು. ರಾಯರೊಬ್ರು ಬಿಚ್ಚದೆ ಹಂಗೇ ಚೀಲಕ್ಕೆ ಹಾಕ್ಕೋತಿದ್ರು. ಕೇಳಿದ್ರೆ, ಕಿವಿ ಮುಚ್ಕೊಂಡ್ರೆ ಮಷೀನು ಹೇಳೋದು ಹೆಂಗೆ ಗೊತ್ತಾಗುತ್ತೆ ಅಂತ ನಗ್ತಿದ್ರು. ಒಂದ್ಸಲ ಸೂಪರ್‌ವೈಸರ್ ಬೈದಾಗ ಅರ್ಧ ಇಟ್ಕೊಂಡಿದ್ರು. ಮುಂದಿನ ತಿಂಗಳು ಅದೂ ಇಲ್ಲ.’ ಅವನು ಈಗ ತಲೆ ಎತ್ತಿದ. ‘ಮನೇಲಿ ದೇವರ ಕೆಲಸಕ್ಕೆ ಬೇಕು ಅಂತ ಯಾರೋ ಹೇಳಿದ್ರು. ಹೌದಾ ಅಮ್ಮ?’

ನಾನು ಗಾಡಿಯ ಒಳಗೆ ಹೋಗಿ ಮಂಚದ ಮೇಲೆ ಕೂತೆ. ಕಾಲ ಕೆಳಗೆ ಟ್ರಂಕು. ಅದನ್ನು ತೆರೆದರೆ ನೂರರ ಒಂದು ಸಾವಿರ ಕಟ್ಟು, ಬೆಳ್ಳಗೆ, ಒತ್ತೊತ್ತಾಗಿ. ಒಂದು ಕಟ್ಟು ಕೈಗೆತ್ತಿಕೊಂಡೆ. ಮೂರು ಸಲ ಕರೆದು ಸುಮ್ಮನಾದ ದಿನಗಳಲ್ಲೂ, ಜಗಳವಾಡಿ ಮುಖ ತಿರುಗಿಸಿ ಕೂತ ದಿನಗಳಲ್ಲೂ ನಾನು ಇದನ್ನು ಹೊಸೆಯುತ್ತಲೇ ಇದ್ದೆ. ಇವರಿಗೆ ಕೇಳದಂತೆ ಮಾಡುವ ಕೆಲಸವನ್ನು ಮಾಡುತ್ತಲೇ, ಕೇಳಿಸಿಕೊಳ್ಳುವುದಿಲ್ಲ ಎಂದು ಇವರನ್ನು ಶಪಿಸಿದ್ದೆ. ನನ್ನ ಮೇಲೇ ನನಗೆ ಹೇಸಿಗೆಯಾಯಿತು. ಇವರ ಮೇಲೂ ಸಿಟ್ಟು ಬಂತು. ಒಂದು ಮಾತು ಹೇಳಿದ್ದರೆ ಗಾಂಧಿ ಬಜಾರಿನಲ್ಲಿ ಹತ್ತಿಗೆ ಬರವಿತ್ತೇ?

ರಸ್ತೆ ದಾಟಿ ಹೋಗಿ ಬೆಂಚಿನ ಮುಂದೆ, ಇವರಿಗೆ ನನ್ನ ಬಾಯಿ ಕಾಣುವ ಹಾಗೆ ನಿಂತೆ.

‘ಹತ್ತಿ ಕಿವಿಗೆ ಕೊಡ್ತಿದ್ದಿದ್ದಾ?’

ಇವರು ಗ್ಲಾಸಿನ ಚಹಾ ನೋಡಿದರು. ‘ಶೇಷಪ್ಪನ ಬಾಯಲ್ಲಿ ಏನೂ ನಿಲ್ಲಲ್ಲ’ ಎಂದರು.

‘ಯಾಕೆ ಹೇಳ್ಲಿಲ್ಲ?’

‘ಮೊದ್ಲು ಏನೂ ಆಗಿರ್ಲಿಲ್ಲ. ನಾಕೈದು ವರ್ಷ ಚೆನ್ನಾಗೇ ಕೇಳ್ತಿತ್ತು. ಆಮೇಲೆ ಹೋಗಿದೆ ಅಂತ ಗೊತ್ತಾದಾಗ, ಇನ್ನು ಇಟ್ಕೊಂಡು ಏನು ಅಂತ ತಂದೆ. ಕಿವಿ ಹೋಗಿದೆ ಅಂತ ಗೊತ್ತಾದ್ರೆ ಕೆಲಸಾನೂ ಹೋಗ್ತಿತ್ತು.’ ಗ್ಲಾಸನ್ನು ಬೆಂಚಿನ ಮೇಲಿಟ್ಟು, ‘ನೀನು ಆಗ್ಲೇ ಇಪ್ಪತ್ತು ಸಾವಿರ ಮುಗಿಸಿದ್ದೆ’ ಎಂದರು.

ಬೈಯಬೇಕೆಂದು ಬಾಯಿ ತೆರೆದೆ. ಇವರು ಕೂಡಲೇ ತಲೆ ಎತ್ತಿ ನನ್ನ ತುಟಿಯ ಮೇಲೆ ಕಣ್ಣು ನೆಟ್ಟರು, ಒಂದಕ್ಷರವೂ ತಪ್ಪಿಹೋಗಬಾರದು ಎನ್ನುವ ಹಾಗೆ. ಎಷ್ಟು ವರ್ಷದಿಂದ ಹೀಗೆ ನೋಡುತ್ತಿದ್ದರೋ. ನಾನು ಅದನ್ನು ದುರುಗುಟ್ಟುವುದು ಎಂದುಕೊಂಡಿದ್ದೆ. ಬೈಯುವುದು ಬಿಟ್ಟು ಪಕ್ಕದಲ್ಲಿ ಕೂತೆ.

ಮಧ್ಯಾಹ್ನದ ಹೊತ್ತಿಗೆ ಶೇಷಪ್ಪ ಎರಡೂ ಕಡೆ ಹೊಸ ಲೈನರು, ಬೇರೆ ಡ್ರಮ್ಮು ಹಾಕಿ ಮುಗಿಸಿದ. ಇವರು ಗಾಡಿ ಹತ್ತಿ ಚಾಲೂ ಮಾಡಿದರು. ನಾನು ಹಿಂದೆ ಹೋಗದೆ, ಇಂಜಿನ್ನಿನ ಶಾಖ ಬಡಿಯುವ ಮುಂದಿನ ಸೀಟಿನಲ್ಲೇ ಕೂತೆ. ಗ್ಯಾರೇಜಿನಿಂದ ಸ್ವಲ್ಪ ದೂರ ಹೋಗಿ ಇವರು ಮೆಲ್ಲಗೆ ಬ್ರೇಕು ಒತ್ತಿದರು. ಮತ್ತೊಮ್ಮೆ ಒತ್ತಿದರು. ಆಮೇಲೆ ರಸ್ತೆಯ ಪಕ್ಕಕ್ಕೆ ನಿಲ್ಲಿಸಿ ನನ್ನ ಕಡೆ ತಿರುಗಿದರು.

‘ಸದ್ದು ಬರ್ತಿದೆಯಾ?’

ಎರಡು ದಿನ ನಾನು ಜಗಳವಾಡಿದ್ದು ಈ ಒಂದು ಪ್ರಶ್ನೆಗಾಗಿ. ಎರಡು ದಿನವೇನು, ಮದುವೆಯಾದಾಗಿನಿಂದ.

‘ಇಲ್ಲ’ ಎಂದೆ, ತಲೆಯನ್ನೂ ಅಲ್ಲಾಡಿಸಿ.

‘ಹಾಗಾದ್ರೆ ಹೊರಡೋಣ್ವಾ? ನಿನ್ನ ಹರಕೆ ಮುಗೀಲಿ. ಕಾರ್ತೀಕ ಕಳೆದುಹೋದ್ರೆ ಮತ್ತೆ ಮುಂದಿನ ವರ್ಷ.’

ಉಡುಪಿಯಲ್ಲಿ ದೀಪ ಹಚ್ಚುವ ಮೊದಲು ಪುರೋಹಿತರು ಸಂಕಲ್ಪ ಹೇಳಿಸುತ್ತಾರೆ. ಯಾವ ಹರಕೆ ತಾಯಿ, ಯಾರಿಗಾಗಿ ಎಂದು ಕೇಳುತ್ತಾರೆ. ನನ್ನ ಗಂಡನ ಮೈಗೆ ಏನೂ ಆಗದಿರಲಿ ಎಂದು, ಇವರ ಪಕ್ಕದಲ್ಲೇ ನಿಂತು ನಾನು ಹೇಳಬೇಕು. ನನ್ನ ತುಟಿ ದೇವರ ಕಡೆಗಿರುತ್ತದೆ, ಆ ಮಾತು ಇವರಿಗೆ ಕೇಳುವುದಿಲ್ಲ, ಅಷ್ಟರಮಟ್ಟಿಗೆ ಪುಣ್ಯ.

‘ಹೊರಡಿ’ ಎಂದೆ.

ಇವರು ಗೇರು ಹಾಕಿದರು. ಗಾಡಿ ತೀರ್ಥಹಳ್ಳಿ ರಸ್ತೆಗೆ ತಿರುಗುವಾಗ ಹಿಂದೆ ಟ್ರಂಕು ಸರಿದು ಮಂಚದ ಕಾಲಿಗೆ ತಾಗಿತು. ಅದರೊಳಗೆ ಒಂದು ಲಕ್ಷ ಬತ್ತಿಯಿತ್ತು. ಒಂದೂ ಕಡಿಮೆಯಿರಲಿಲ್ಲ, ನಾನೇ ಎಣಿಸಿ ಕಟ್ಟಿದ್ದೆ.